ಹದಿನೇಳು ಹಂಪು, ಎರಡು ಸೀಟು

ವಾರಕ್ಕೆ ನಾಲ್ಕು ರಾತ್ರಿ, ಹನ್ನೆರಡೂವರೆ ಗಂಟೆಗೆ ನಮ್ಮ ತೋಟದಿಂದ ಪಿಕಪ್ ಹೊರಡುತ್ತದೆ. ಹಿಂದೆ ಗುಲಾಬಿ ಬಾಕ್ಸು, ಸೇವಂತಿಗೆ ಮೂಟೆ. ಸ್ಟೇರಿಂಗ್ ಹಿಡಿದು ನಾನು, ಪಕ್ಕದಲ್ಲಿ ಅರ್ಧ ನಿದ್ದೆಯ ಲೋಡಿಂಗ್ ಹುಡುಗ. ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಇಳಿಸಿ, ಮಂಡಿಯಲ್ಲಿ ತೂಕ ಬರೆಸಿ, ಒಂದು ಟೀ ಕುಡಿದು ಖಾಲಿ ಗಾಡಿಯಲ್ಲಿ ವಾಪಸ್ ಹೊರಟರೆ ದೇವನಹಳ್ಳಿ ದಾಟುವಾಗ ಐದರ ಆಸುಪಾಸು. ಭಾನುವಾರವಾದರೆ ಅಲ್ಲಿಂದ ಮುಂದಕ್ಕೆ ಹೆದ್ದಾರಿಯಲ್ಲಿ ಜೊತೆ ಸಿಗುತ್ತದೆ. ನಂದಿ ಬೆಟ್ಟದ ಸೂರ್ಯೋದಯಕ್ಕೆ ಹೊರಟ ಬೆಂಗಳೂರಿನ ಕಾರುಗಳು ಹಿಂದಿನಿಂದ ಬರುತ್ತವೆ. ಮೊದಲು ಸದ್ದು ಬರುತ್ತದೆ. ಕನ್ನಡಿಯಲ್ಲಿ ಬೆಳಕು ಕಾಣುವಷ್ಟರಲ್ಲಿ ಪಿಕಪ್ಪಿನ ಬಾಗಿಲು ಒಮ್ಮೆ ಗಡಗಡ ಅಲುಗಿ, ಕಾರು ಮುಂದೆ ಹೋಗಿ ಎರಡು ಕೆಂಪು ಚುಕ್ಕಿಯಾಗಿರುತ್ತದೆ.

ಹದಿನೆಂಟು ವರ್ಷದಿಂದ ಹೀಗೆ ಕೇಳಿ ಕೇಳಿ, ಸದ್ದಿನಲ್ಲೇ ಎಂಜಿನ್ ಗುರುತು ಹಿಡಿಯುವುದು ರೂಢಿಯಾಗಿದೆ. ವಿ8 ಆದರೆ ಎದೆಯ ಮೇಲೆ ಗುಡುಗಿದ ಹಾಗೆ. ನಾಲ್ಕು ಸಿಲಿಂಡರಿನ ಟರ್ಬೊ ಗೇರ್ ಬದಲಾಯಿಸುವಾಗ ಪಟ್ ಎಂದು ಸಿಡಿಯುತ್ತದೆ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತ ಎಂಜಿನ್ನಿನ ದನಿಯೇ ಬೇರೆ. ನಾನು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ನೂಲು ಬಿಚ್ಚುವವರ ಮನೆಯಲ್ಲಿ. ಬೆಳಿಗ್ಗೆ ರಾಟೆ ನಿಧಾನಕ್ಕೆ ಶುರುವಾಗಿ ವೇಗ ಹಿಡಿದಾಗ, ಒಂದು ಹಂತ ದಾಟಿದ ಮೇಲೆ ಗಡಗಡ ನಿಂತು ಬರೀ ಒಂದು ಎಳೆಯಂಥ ನಾದ ಉಳಿಯುತ್ತದಲ್ಲ, ಅದೇ ಅದು. ಆರು ಪಿಸ್ಟನ್ನುಗಳು ಒಂದರ ಅಲುಗಾಟವನ್ನು ಇನ್ನೊಂದು ಕಳೆದುಹಾಕುವುದರಿಂದ ಹಾಗಾಗುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಓದುವ ಮೊದಲೇ ಆ ಸದ್ದು ಬಂದಾಗ ಕಿವಿ ಅತ್ತ ತಿರುಗುತ್ತಿತ್ತು.

ಈ ವರ್ಷ ದೊಡ್ಡ ಚೀಟಿ ಎತ್ತಿದೆ. ಮಗಳ ಓದಿಗೆ, ಇನ್ನೊಂದು ಬೋರ್‌ವೆಲ್ಲಿಗೆ ಎತ್ತಿಟ್ಟ ಮೇಲೆ 22 ಲಕ್ಷ ಉಳಿಯಿತು. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೋತೀನಿ ಅಂದೆ. ಮನೆಯವರು ಮೇಷ್ಟರು, ಯಾವ ಮಾತಿಗೂ ತಕ್ಷಣ ಉತ್ತರ ಕೊಡುವವರಲ್ಲ. ಅತ್ತೆ ಮಾತ್ರ ಅವರೆಕಾಯಿ ಬಿಡಿಸುತ್ತಾ ಕೇಳಿದರು:

"ಅದರಾಗೆ ಎಷ್ಟು ಜನ ಕೂರಬೋದು?"

"ಇಬ್ಬರು ಅತ್ತೆ."

"ಹಂಗಾದ್ರೆ ಅದು ನಿಂಗೆ," ಅಂದರು.

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ. ಪಿಕಪ್ ತೋಟದ್ದು, ವ್ಯಾಗನ್ ಆರ್ ಮನೆಯದು, ಸ್ಕೂಟರ್ ಮಗಳದ್ದು. ನನಗೆ ಅಂತ ಒಂದು ಗಾಡಿ ಬೇಕು ಅನ್ನುವುದನ್ನು ನಾನೇ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಆಮೇಲಿನ ಏಳು ತಿಂಗಳು ಕಾರು ಹುಡುಕಿದ್ದಕ್ಕಿಂತ ಆ ಮಾತಿಗೆ ಉತ್ತರ ಹುಡುಕಿದ್ದೇ ಹೆಚ್ಚು.

ಬೆಲ್ಟಿನ ಕೊನೆಯ ಗೇಣು

ಹೊಸದರ ಮಾತು ಬಿಡಿ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ 18%. 90 ಲಕ್ಷದ ಕಾರಾದರೆ ತೆರಿಗೆಯೊಂದೇ 16 ಲಕ್ಷ ದಾಟುತ್ತದೆ. ಹಳೆಯದರಲ್ಲಿ ದೆಹಲಿ ಗಾಡಿಗಳು ಮೂರು ನಾಲ್ಕು ಲಕ್ಷ ಅಗ್ಗಕ್ಕೆ ಕಾಣುತ್ತವೆ. ಅಲ್ಲಿ ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲ್ಲಿಗೆ 10 ವರ್ಷ ಮಾತ್ರ ಓಡಾಟ ಅನ್ನುವ ನಿಯಮ ಬಂದು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದ ಮೇಲೆ ವಯಸ್ಸಾದ ಕಾರುಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿದವು. ಆದರೆ ಅಲ್ಲಿಂದ ಎನ್‌ಒಸಿ ತಂದು, ಇಲ್ಲಿ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಮತ್ತೆ ಕಟ್ಟಿ, ನಮ್ಮ ಚಿಕ್ಕಬಳ್ಳಾಪುರದ ಕೆಎ-40 ನಂಬರ್ ಹಾಕಿಸುವಷ್ಟರಲ್ಲಿ ಅಗ್ಗವೆಲ್ಲ ಕರಗಿರುತ್ತದೆ. ಹಾಗಾಗಿ ಕರ್ನಾಟಕದ ನೋಂದಣಿ ಇದ್ದರೆ ಮಾತ್ರ ನೋಡುವುದು ಅಂತ ತೀರ್ಮಾನಿಸಿದೆ.

ಮೊದಲು ನೋಡಿದ್ದು ಬೆಂಗಳೂರಿನ ಒಂದು ಯಾರ್ಡಿನಲ್ಲಿ. ಬಿಳಿ ಬಣ್ಣದ ಎರಡು ಸೀಟಿನ ಕಾರು, ಹದಿನೆಂಟೂವರೆ ಲಕ್ಷ. ಮನೆಯವರೂ ಇದ್ದರು, ನಮ್ಮ ಪಿಕಪ್ಪನ್ನು ಇಷ್ಟು ವರ್ಷ ನೋಡಿಕೊಂಡು ಬಂದ ಗ್ಯಾರೇಜ್ ಭಾಯ್ ಕೂಡ ಇದ್ದರು. ಮಾರುವ ಹುಡುಗ ನೇರವಾಗಿ ನಮ್ಮ ಮನೆಯವರ ಹತ್ತಿರ ಹೋಗಿ, "ಸರ್, ಒಂದು ರೌಂಡ್ ಹೊಡೀರಿ ಸರ್, ಪಿಕಪ್ ನೋಡಿ ಸರ್," ಎಂದು ಕೀ ಚಾಚಿದ. "ಓಡಿಸೋರು ಅವರಪ್ಪ, ಅವರಿಗೆ ಕೊಡು," ಅಂದರು ಇವರು. ಕೀ ನನ್ನ ಕೈಗೆ ಬಂತು, ಮಾತು ಮಾತ್ರ ಕೊನೆವರೆಗೂ ಅವರ ಜೊತೆಗೇ ಆಯಿತು.

ಭಾಯ್ ಬಾನೆಟ್ ಎತ್ತಿಸಲಿಲ್ಲ. ಎಡಗಡೆ ಸೀಟಿನಲ್ಲಿ ಕೂತು ಸೀಟ್ ಬೆಲ್ಟ್ ಹಿಡಿದು ಎಳೆಯತೊಡಗಿದರು. ಹಾಕಿಕೊಳ್ಳುವಷ್ಟಕ್ಕೆ ನಿಲ್ಲಿಸದೆ ಇನ್ನೂ ಎಳೆದರು, ಸುರುಳಿಯಲ್ಲಿದ್ದದ್ದೆಲ್ಲ ಹೊರಗೆ ಬರುವ ತನಕ. ಅಷ್ಟು ಉದ್ದ ಯಾರೂ ಎಳೆಯುವುದಿಲ್ಲ. ಕೊನೆಯ ಗೇಣಿನಲ್ಲಿ ಬೆಲ್ಟಿಗೆ ಅಡ್ಡವಾಗಿ ಒಂದು ಕಂದು ಗೆರೆ. ಗೆರೆಯ ಈಚೆ ಬಟ್ಟೆ ಮೃದು, ಆಚೆ ಗಂಜಿ ಹಾಕಿದ ಹಾಗೆ ಗಡುಸು. ಉಗುರಿನಲ್ಲಿ ಕೆರೆದು ಮೂಗಿನ ಹತ್ತಿರ ಹಿಡಿದರು. ಆಮೇಲೆ ಸೀಟಿನಡಿ ಕೈ ಹಾಕಿ ಕಾರ್ಪೆಟ್ಟಿನ ಮೂಲೆ ಎತ್ತಿ ನನಗೆ ತೋರಿಸಿದರು. ಹಿಟ್ಟಿನಂಥ ನುಣುಪು ಮಣ್ಣು. ನನಗೆ ಅದರ ಪರಿಚಯ ಚೆನ್ನಾಗಿ ಇದೆ. ಕೆರೆ ನೀರು ಹಾಯಿಸಿದ ದಿನ ಡ್ರಿಪ್ ಫಿಲ್ಟರ್ ತೊಳೆದರೆ ಕೈಗೆ ಅಂಟುವುದು ಅದೇ. ಸೀಟಿನ ಹಳಿಯ ಬೋಲ್ಟುಗಳು ತುಕ್ಕು ಹಿಡಿದು ಹೊಟ್ಟು ಬಿಟ್ಟಿದ್ದವು.

"ಅಕ್ಕಾ, ಇದು ನೀರು ಕುಡಿದೈತೆ," ಅಂದರು ಮೆಲ್ಲಗೆ.

2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳಲ್ಲಿ ಕಾರುಗಳು ಕನ್ನಡಿ ಮಟ್ಟ ಮುಳುಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಆ ಕಾರುಗಳು ಎಲ್ಲಿಗೂ ಹೋಗಿಲ್ಲ. ತೊಳೆದು, ಒಣಗಿಸಿ, ಸುಗಂಧ ಹೊಡೆದು ಇಂಥ ಅಂಗಳಗಳಲ್ಲಿ ನಿಂತಿವೆ. ಎಂಜಿನ್ ಸರಿಮಾಡಬಹುದು. ನೆಲದಡಿ ಹರಿದಿರುವ ವೈರಿಂಗು, ಅದರ ತುದಿಯ ಪುಟ್ಟ ಪಿನ್ನುಗಳು ಒಂದೊಂದಾಗಿ ಹಸಿರುಗಟ್ಟುತ್ತಾ ವರ್ಷಗಟ್ಟಲೆ ಕಾಡುತ್ತವೆ. ಒಂದು ದಿನ ಏರ್‌ಬ್ಯಾಗ್ ದೀಪ, ಇನ್ನೊಂದು ದಿನ ಕಿಟಕಿ, ಮತ್ತೊಂದು ದಿನ ಕಾರೇ ಸ್ಟಾರ್ಟ್ ಆಗುವುದಿಲ್ಲ. ಹಳೇ ಕಾರು ನೋಡಲು ಹೋಗುವ ಯಾರಿಗಾದರೂ ಒಂದೇ ಮಾತು ಹೇಳು ಅಂದರೆ ನಾನು ಹೇಳುವುದು ಇದನ್ನೇ: ಬೆಲ್ಟನ್ನು ಕೊನೆವರೆಗೂ ಎಳೆದು ನೋಡಿ.

ಬೇರೆ ಬೇರೆ ಹೊತ್ತಿನ ಸಾಲಗಾರರು

ಕಾರಿನ ಬಗ್ಗೆ ಬರೆಯುವವರು ವೇಗ, ಆರಾಮ, ಬೆಲೆ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ನಾನೂ ಹಾಗೇ ಶುರು ಮಾಡಿದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದು ಒಂದೊಂದು ಕಾರಿಗೂ ಅಂಕ ಕೊಟ್ಟೆ. ಎಷ್ಟು ಕೂಡಿದರೂ ಲೆಕ್ಕ ಹೊಂದುತ್ತಿರಲಿಲ್ಲ. ಆಮೇಲೆ ಒಂದು ದಿನ ಟೋಲಿನಲ್ಲಿ ಕಾಯುವಾಗ ಹೊಳೆಯಿತು. ಈ ಮೂರೂ ಒಂದೇ ಹೊತ್ತಿಗೆ ಬಂದು ಬಾಕಿ ಕೇಳುವುದಿಲ್ಲ. ವೇಗ ಬರುವುದು ವಾರಕ್ಕೆ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆರಾಮ ಪ್ರತಿ ಸಲ ಬಾಗಿಲು ತೆರೆದಾಗ, ಪ್ರತಿ ಹಂಪಿನಲ್ಲಿ ಬಂದು ನಿಲ್ಲುತ್ತದೆ. ಬೆಲೆ ಮಾತ್ರ ವಾರದ 168 ಗಂಟೆಯೂ ಎಚ್ಚರವಾಗಿರುತ್ತದೆ, ಕಾರು ಶೆಡ್ಡಿನಲ್ಲಿ ಮಲಗಿದ್ದಾಗಲೂ.

ಬೆಲೆ ಅಂದರೆ ಕೊಳ್ಳುವ ದಿನ ಎಣಿಸಿಕೊಡುವ ದುಡ್ಡಷ್ಟೇ ಅನ್ನುವ ಭ್ರಮೆ ನನಗೆ ಮೊದಲಿನಿಂದ ಇರಲಿಲ್ಲ, ಬೋರ್‌ವೆಲ್ ಕೊರೆಸಿದ ಯಾರಿಗೂ ಇರುವುದಿಲ್ಲ. ಹದಿನೆಂಟು ಇಂಚಿನ ರನ್‌ಫ್ಲ್ಯಾಟ್, ಅಂದರೆ ಗಾಳಿ ಹೋದರೂ ಓಡುವ ಟೈರು ನಾಲ್ಕಕ್ಕೆ ನನಗೆ ಹೇಳಿದ ದರ ಲಕ್ಷದ ಹತ್ತಿರ. ವಿಮೆ ಬೇರೆ. ಈಗ ಬಂಕುಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲು. ಅದಕ್ಕೆಂದು ತಯಾರಾಗದ ಹಳೇ ಕಾರಾದರೆ ಇಂಧನದ ಪೈಪು, ಸೀಲುಗಳನ್ನು ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಇವನ್ನೆಲ್ಲ ಸೇರಿಸಿ, ಕಾರಿಗೆ ಕೊಡುವ ಪ್ರತಿ ಐದು ರೂಪಾಯಿಗೆ ಒಂದು ರೂಪಾಯಿ ಪಕ್ಕದಲ್ಲಿಟ್ಟುಕೊಳ್ಳದೆ ಹಳೇ ಸ್ಪೋರ್ಟ್ಸ್ ಕಾರು ಕೊಳ್ಳಬಾರದು ಅನ್ನುವ ನಿರ್ಧಾರಕ್ಕೆ ಬಂದೆ. ಅಂದರೆ ನನ್ನ 22 ಲಕ್ಷ ನಿಜದಲ್ಲಿ 18ರ ಆಸುಪಾಸಿನ ಕಾರಿನ ದುಡ್ಡು. ಕೊನೆಯಲ್ಲಿ ಈ ಗೆರೆಯನ್ನು ನಾನೇ ದಾಟಿದೆ, ಅದನ್ನೂ ಬರೆಯುತ್ತೇನೆ.

ಫಿಯೆಟ್ ಅಬಾರ್ಥ್ ಪುಂಟೊ ಒಂದನ್ನು ನೋಡಿದೆ. 145 ಅಶ್ವಶಕ್ತಿ, ಐದಾರು ಲಕ್ಷಕ್ಕೇ ಸಿಗುತ್ತಿತ್ತು, ಸ್ಟೇರಿಂಗಿಗೆ ಒಳ್ಳೇ ತೂಕ. ಕಂಪನಿ 2019ರಲ್ಲೇ ಇಲ್ಲಿ ಕಾರು ಮಾರುವುದು ನಿಲ್ಲಿಸಿದ್ದರಿಂದ ಬಿಡಿಭಾಗದ ಚಿಂತೆ. ಪೋಲೊ ಜಿಟಿಐ 2016ರಲ್ಲಿ ದೇಶಕ್ಕೆ ಬಂದದ್ದೇ 99. ಇಟ್ಟುಕೊಂಡವರು ಬಿಡುವುದಿಲ್ಲ, ಬಿಟ್ಟವರು ಹೇಳುವ ಬೆಲೆ ಕೇಳುವ ಹಾಗಿಲ್ಲ.

ಆಕ್ಟೇವಿಯಾ ಆರ್‌ಎಸ್ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿತು. ನಮ್ಮ ಹೂ ಕೊಳ್ಳುವ ಮಂಟಪ ಅಲಂಕಾರದವರ ಹತ್ತಿರ 2018ರ ಗಾಡಿ ಇತ್ತು. "ಒಂದು ಭಾನುವಾರ ಇಟ್ಕೊಳ್ಳಿ ಅಕ್ಕ, ಓಡಿಸಿ ನೋಡಿ," ಎಂದು ಕೊಟ್ಟರು. 230 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕು, ಗಂಟೆಗೆ ನೂರು ಕಿಲೋಮೀಟರ್ ಮುಟ್ಟಲು ಏಳು ಸೆಕೆಂಡೂ ಬೇಡ, ಹಿಂದೆ 590 ಲೀಟರಿನ ಡಿಕ್ಕಿ. ಮನೆಮಂದಿಯೆಲ್ಲ ಕೈವಾರಕ್ಕೆ ಹೋಗಿಬಂದೆವು. ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಮಾಡಿದರು. ಬರುವಾಗ ಒಂದು ಮೂಟೆ ನೆಲಗಡಲೆಯೂ ಹಿಡಿಯಿತು. ಮನೆಯವರು, "ಇದೇ ಸರಿ, ಇನ್ನೇನು ಹುಡುಕ್ತೀಯ?" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅದಕ್ಕೇ ಹೆಚ್ಚು ಅಂಕ.

ಸೋಮವಾರ ಕಾರು ವಾಪಸ್ ಕೊಟ್ಟೆ. ಮಂಗಳವಾರ ರಾತ್ರಿ ಹೂ ಹೇರಿಕೊಂಡು ಹೊರಟವಳಿಗೆ ಮಾರುಕಟ್ಟೆ ಮುಟ್ಟುವ ತನಕ ಅದರ ನೆನಪು ಒಂದು ಸಲವೂ ಬರಲಿಲ್ಲ. ಮನೆಗೆಲ್ಲ ಒಪ್ಪುವ ಗಾಡಿ ಅದು, ಮನೆಯ ಗಾಡಿಯಾಗಿಯೇ ನನಗೂ ಒಪ್ಪಿತ್ತು. ಅತ್ತೆ ಹೇಳಿದ "ನಿಂಗೆ" ಅನ್ನುವ ಜಾಗ ಹಾಗೇ ಖಾಲಿ ಉಳಿದಿತ್ತು.

ಹಿಂದಿನ ಅಚ್ಚಿನ ಪಕ್ಕದಲ್ಲಿ

ಬಿಎಂಡಬ್ಲ್ಯು ಝಡ್4, 2012ರದ್ದು, ಕಡುನೀಲಿ. ಓಡಿದ್ದು 41,000 ಕಿ.ಮೀ. ಜಯನಗರದ ನಿವೃತ್ತ ಇಂಜಿನಿಯರ್ ಒಬ್ಬರದು. ಸೊಂಟದ ಆಪರೇಷನ್ ಆದ ಮೇಲೆ ಅಷ್ಟು ತಗ್ಗಿನ ಸೀಟಿನಿಂದ ಏಳಲು ಅವರಿಗೆ ಆಗುತ್ತಿರಲಿಲ್ಲ. ಫೋನಿನಲ್ಲಿ ನಾನು ಚಿಕ್ಕಬಳ್ಳಾಪುರ ಅಂದಿದ್ದೇ, "ಹಾಗಾದರೆ ನೀವು ಇಲ್ಲಿ ಬರಬೇಡಿ, ನಾನೇ ಬರ್ತೀನಿ. ಈ ಕಾರು ನೋಡಬೇಕಾದದ್ದು ನಿಮ್ಮ ಕಡೆ ರಸ್ತೆಯಲ್ಲಿ," ಅಂದರು. ಒಂದು ಬುಧವಾರ ಬೆಳಿಗ್ಗೆ ಆರಕ್ಕೆ, ಮಗನ ಕೈಯಲ್ಲಿ ಓಡಿಸಿಕೊಂಡು ಬಂದು ನಂದಿ ಕ್ರಾಸಿನ ಟೀ ಅಂಗಡಿ ಎದುರು ನಿಂತಿದ್ದರು. ತೊಡೆಯ ಮೇಲೆ ಹನ್ನೆರಡು ವರ್ಷದ ಸರ್ವೀಸ್ ಬಿಲ್ಲುಗಳ ದಪ್ಪ ಫೈಲು.

ಆ ಫೈಲಿನಲ್ಲಿ ನಾನು ಮೊದಲು ಹುಡುಕಿದ್ದು ಒಂದು ಪಂಪಿನ ಬಿಲ್ಲು. ಈ ಕಾರಿನಲ್ಲಿರುವುದು ಎನ್54 ಎಂಬ ಮೂರು ಲೀಟರಿನ, ಎರಡು ಟರ್ಬೊಗಳ, ಸಾಲು ಆರರ ಎಂಜಿನ್, 306 ಅಶ್ವಶಕ್ತಿ. 2007 ಮತ್ತು 2008ರಲ್ಲಿ ಜಗತ್ತಿನ ವರ್ಷದ ಎಂಜಿನ್ ಎಂದು ಪ್ರಶಸ್ತಿ ಪಡೆದದ್ದು. ಅದರ ಕೊರತೆಯೂ ಅಷ್ಟೇ ಹೆಸರಾದದ್ದು: ಅಧಿಕ ಒತ್ತಡದ ಇಂಧನ ಪಂಪು. ಅಮೆರಿಕದಲ್ಲಿ 2010ರಲ್ಲಿ ಅದೊಂದಕ್ಕೇ ಸುಮಾರು 1,30,000 ಕಾರುಗಳನ್ನು ವಾಪಸ್ ಕರೆಸಿಕೊಂಡಿದ್ದರು. ಇವರ ಕಾರಿನಲ್ಲಿ ಪಂಪು ಬದಲಾಗಿತ್ತು, ಬಿಲ್ಲು ಇತ್ತು. ಭಾಯ್ ಬೆಲ್ಟು ಎಳೆದು ನೋಡಿದರು, ಕೊನೆಯ ಗೇಣೂ ಮೃದು. ಟೈರಿನ ಪಕ್ಕದ ನಾಲ್ಕಂಕಿ ಓದಿ, "ಟೈರ್ ಹಳೇದು ಅಕ್ಕ, ಏಳು ವರ್ಷದ್ದು," ಅಂದರು. ಮೊದಲ ಎರಡಂಕಿ ವಾರ, ಕೊನೆಯ ಎರಡು ವರ್ಷ. ಟೈರಿನ ಮೇಲಿನ ಗೀರು ಎಷ್ಟೇ ಆಳ ಉಳಿದಿರಲಿ, ಏಳು ವರ್ಷಕ್ಕೆ ರಬ್ಬರು ಗಟ್ಟಿಯಾಗಿರುತ್ತದೆ.

ಆಮೇಲೆ ಬೆಟ್ಟದ ದಾರಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಕಪ್ಪಿನಲ್ಲಿ ನಾನು ಕೂರುವುದು ಮುಂದಿನ ಚಕ್ರದ ಹತ್ತಿರ. ತಳ್ಳುವುದು ಹಿಂದಿನ ಚಕ್ರ, ಭಾರವೂ ಹಿಂದೆ. ಸೇವಂತಿಗೆ ತುಂಬಿದ ದಿನ ತಿರುವಿನಲ್ಲಿ ಹಿಂಭಾಗ ಗಂಭೀರವಾಗಿ ಕೂತಿರುತ್ತದೆ, ಖಾಲಿ ಬರುವಾಗ ಮಳೆ ಬಿದ್ದರೆ ಅದೇ ಹಿಂಭಾಗ ಕರುವಿನ ಹಾಗೆ ಪಕ್ಕಕ್ಕೆ ಹಾರುತ್ತದೆ. ಹದಿನೆಂಟು ವರ್ಷ ನಾನು ಆ ಹಿಂದಿನ ಅಚ್ಚನ್ನು ದೂರದಿಂದಲೇ ಕೇಳಿಸಿಕೊಂಡು ಓಡಿಸಿದ್ದೇನೆ, ಬಾವಿಯೊಳಗಿನವರ ಮಾತನ್ನು ಮೇಲಿಂದ ಆಲಿಸಿದ ಹಾಗೆ. ಈ ಕಾರಿನಲ್ಲಿ ಉದ್ದನೆಯ ಮೂತಿ ಪೂರ್ತಿ ಮುಂದೆ, ನಾನು ಹಿಂದಿನ ಅಚ್ಚಿಗೆ ಒತ್ತಿಕೊಂಡು ಕೂತಿದ್ದೆ. ಇಲ್ಲೂ ತಳ್ಳುವುದು ಹಿಂದಿನ ಚಕ್ರವೇ. ಎರಡನೇ ತಿರುವಿನಲ್ಲಿ, ಇನ್ನೂ ನಲವತ್ತೈದರ ವೇಗದಲ್ಲಿದ್ದಾಗ, ಚಕ್ರ ರಸ್ತೆಯನ್ನು ಹೇಗೆ ಹಿಡಿದಿದೆ ಅನ್ನುವುದು ಸೊಂಟದ ಕೆಳಗೇ ತಿಳಿಯಿತು. ಎಡಗಾಲ ಹಿಮ್ಮಡಿಯಷ್ಟು ಹತ್ತಿರ. ಗೊತ್ತಿದ್ದ ಭಾಷೆಯನ್ನೇ ಯಾರೋ ಮೊದಲ ಸಲ ಕಿವಿಯ ಪಕ್ಕ ಬಂದು ಮಾತಾಡಿದ ಹಾಗಾಯಿತು.

ನಾಲ್ಕನೇ ತಿರುವು ದಾಟಿದ ಮೇಲೆ ಪಕ್ಕದಲ್ಲಿದ್ದ ಹಿರಿಯರು, "ಮೇಲಿನದು ತೆಗೀಲಾ?" ಎಂದು ಕೇಳಿದರು. ಕಾರು ನಿಲ್ಲಿಸಿ ಗುಂಡಿ ಒತ್ತಿದರೆ ಅಲ್ಯುಮಿನಿಯಂ ಮೇಲ್ಛಾವಣಿ ಎರಡಾಗಿ ಮಡಚಿ ಹಿಂದೆ ಕೂತುಕೊಳ್ಳಲು 20 ಸೆಕೆಂಡು. ಅದು ಕೂತ ಮೇಲೆ ಡಿಕ್ಕಿಯಲ್ಲಿ ಉಳಿಯುವುದು 180 ಲೀಟರು, ನಮ್ಮ ಗುಲಾಬಿ ಬಾಕ್ಸು ಒಂದೂ ಹಿಡಿಯುವುದಿಲ್ಲ. ಕೆಳಗೆ ದ್ರಾಕ್ಷಿ ತೋಟಗಳ ಮೇಲೆ ಮಂಜು. ಇಬ್ಬನಿ ಬಿದ್ದ ಹುಲ್ಲಿನ ವಾಸನೆ. ಮೂರು ಸಾವಿರ ಆರ್‌ಪಿಎಂ ದಾಟಿದ್ದೇ ಆ ರಾಟೆಯ ನಾದ, ಈ ಸಲ ನನ್ನ ಬಲಗಾಲಿನ ಕೆಳಗಿನಿಂದ. ಬೆಟ್ಟದ ಎತ್ತರ 1,478 ಮೀಟರು. ನಾನು ಮೇಲಿನವರೆಗೂ ಹೋಗಲಿಲ್ಲ. ಅಷ್ಟಕ್ಕೇ ಕಣ್ಣು ಮಂಜಾಗಿತ್ತು, ಪಕ್ಕಕ್ಕೆ ಹಾಕಿ ಎರಡು ನಿಮಿಷ ಸುಮ್ಮನೆ ಕೂತೆ. ಅವರೂ ಮಾತಾಡಲಿಲ್ಲ.

ಇಳಿಯುವಾಗ ಅವರೇ ಒಂದು ವಿಷಯ ಹೇಳಿದರು. ಈ ಮಾದರಿಯ ಹೊರರೂಪ ಬರೆದವರು ಯೂಲಿಯಾನೆ ಬ್ಲಾಸಿ, ಒಳಾಂಗಣ ನಾದ್ಯಾ ಅರ್ನಾವುಟ್. ಇಬ್ಬರೂ ಹೆಂಗಸರು. ಯಾರ್ಡಿನ ಹುಡುಗನ ಮುಖ ನೆನಪಾಯಿತು. ಈ ಉದ್ದ ಮೂತಿ, ತಗ್ಗಿನ ಬೆನ್ನು, ಬಾಗಿಲ ಪಕ್ಕದ ಗೆರೆ, ಕೈ ಇಟ್ಟಲ್ಲಿ ಸಿಗುವ ಗುಂಡಿಗಳು ಇಬ್ಬರು ಹೆಂಗಸರ ಕಾಗದದ ಮೇಲೆ ಮೊದಲು ಮೂಡಿದವು ಅನ್ನುವುದು ತಿಳಿದು ಆಗುವ ಸಂತೋಷಕ್ಕೆ ನೋಟ್‌ಬುಕ್ಕಿನಲ್ಲಿ ಅಂಕಣ ಇರಲಿಲ್ಲ.

ಕಾಲುಳ್ಳ ಹಲಗೆ

ಖುಷಿಯಲ್ಲಿ ಮೈಮರೆತು ಊರಿನ ರಸ್ತೆಗೆ ತಿರುಗಿಸಿದೆ. ಹೆದ್ದಾರಿ ಬಿಟ್ಟು ನಮ್ಮ ಮನೆಗೆ ಆರು ಕಿಲೋಮೀಟರ್, ಹದಿನೇಳು ಹಂಪು. ಮೂರನೆಯದಕ್ಕೇ ತಳದಲ್ಲಿ ಕರ್ ಎಂದಿತು. ಹಿರಿಯರು ಮುಖ ಸಿಂಡರಿಸಲಿಲ್ಲ, ನಾನು ಅಲ್ಲಿಂದಲೇ ಹಿಂದಿರುಗಿಸಿದೆ.

ಭಾಯ್ ಟೇಪು ಹಿಡಿದು ಅಳೆದರು. ನೆಲದಿಂದ ತಳದ ಅತಿ ತಗ್ಗಿನ ಜಾಗಕ್ಕೆ ನಾಲ್ಕೂಮುಕ್ಕಾಲು ಇಂಚು. ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ 2,496 ಮಿಲಿಮೀಟರು. ಪಿಯುಸಿ ಓದುವ ನನ್ನ ಮಗಳು ಅದನ್ನು ಕೇಳಿಸಿಕೊಂಡು, "ಅಮ್ಮ, ಕಾರು ತಂದು ಯಾಕೆ ನೋಡಬೇಕು? ಅಷ್ಟೇ ಉದ್ದದ ಹಲಗೆಗೆ ಅಷ್ಟೇ ಎತ್ತರದ ಎರಡು ಕಾಲು ಹೊಡೆದರೆ ಸಾಕಲ್ಲ," ಅಂದಳು. ಪಾಲಿಹೌಸಿನ ಹಳೇ ರೀಪರ್ ಒಂದನ್ನು ಕೊಯ್ದು ಹಾಗೇ ಮಾಡಿದೆವು. ಭಾನುವಾರ ಬೆಳಿಗ್ಗೆ ಅಮ್ಮ ಮಗಳು ಆ ಹಲಗೆ ಹೊತ್ತು ಹದಿನೇಳು ಹಂಪಿನ ಮೇಲೂ ದಾಟಿಸುತ್ತಾ ಹೋದೆವು. ಹಲಗೆ ಮುಟ್ಟಿದರೆ ಕಾರೂ ಮುಟ್ಟುತ್ತದೆ.

ಹಂಪಿಗೂ ಒಂದು ಶಾಸ್ತ್ರ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟಲು ಹೇಳಿ ಮಾಡಿಸಿದ್ದು. ಅಂಥದರ ಮೇಲೆ ಕಾರಿನ ನಾಲ್ಕೂ ಚಕ್ರ ಒಟ್ಟಿಗೆ ಹತ್ತಿಕೊಳ್ಳುವುದರಿಂದ ನಡುವೆ ಉಬ್ಬುವುದು ಐದು ಸೆಂಟಿಮೀಟರೂ ಇಲ್ಲ, ಎಷ್ಟು ತಗ್ಗಿನ ಕಾರಾದರೂ ಸಲೀಸು. ನಮ್ಮ ಹದಿನೇಳರಲ್ಲಿ ಹಾಗಿರುವುದು ಎರಡು. ಉಳಿದವು ಎರಡಡಿ ಅಗಲದಲ್ಲಿ ಗೋಡೆಯ ಹಾಗೆ ಎದ್ದ ಸಿಮೆಂಟಿನ ಗುಪ್ಪೆಗಳು. ಅಲ್ಲಿ ಚಕ್ರಗಳು ಆಚೆ ಈಚೆ ನೆಲದಲ್ಲೇ ಇರುತ್ತವೆ, ನಡುವಿನ ಹೊಟ್ಟೆ ಉಜ್ಜುತ್ತದೆ. ಹಲಗೆ ಮುಟ್ಟಿದ್ದು ನಾಲ್ಕು ಕಡೆ. ಅದರಲ್ಲಿ ಅತಿ ಕಡಿದಾದದ್ದು ಹಾಲಿನ ಡೇರಿಯ ಮುಂದಿನದು.

ಆ ಹಂಪನ್ನು ಸರ್ಕಾರ ಹಾಕಿದ್ದಲ್ಲ. ಎಂಟು ವರ್ಷದ ಹಿಂದೆ ಅಲ್ಲಿ ಹಾಲಿನ ಕ್ಯಾನು ಹಿಡಿದು ರಸ್ತೆ ದಾಟುತ್ತಿದ್ದ ಮಗುವಿಗೆ ಒಂದು ಕಾರು ಗುದ್ದಿ ನಿಲ್ಲಿಸದೆ ಹೋಯಿತು. ಮಗು ಬದುಕಿತು, ಕಾಲು ಮಾತ್ರ ಇವತ್ತಿಗೂ ಎಳೆಯುತ್ತದೆ. ಆ ವಾರವೇ ಊರವರು ದುಡ್ಡು ಹಾಕಿ, ರಾತ್ರಿ ಲಾಟೀನು ಇಟ್ಟುಕೊಂಡು ಅದನ್ನು ಕಟ್ಟಿದರು. ಸಿಮೆಂಟು ಕಲಸಿದವರಲ್ಲಿ ನಮ್ಮ ಮನೆಯವರೂ ಇದ್ದರು. ಅದನ್ನು ಸ್ವಲ್ಪ ತಗ್ಗಿಸಿ ಅಂತ ಕೇಳುವ ಹಕ್ಕು ನನ್ನ ಕಾರಿಗೆ ಇಲ್ಲ. ವೇಗದ ಮೇಲೆ ನನಗಿರುವ ಆಸೆಗೂ ಆ ಹಂಪಿನ ಎತ್ತರಕ್ಕೂ ಸಂಬಂಧ ಇದೆ ಅನ್ನುವುದನ್ನು ಹಲಗೆ ಹಿಡಿದು ನಿಂತಾಗ ತಪ್ಪಿಸಿಕೊಳ್ಳಲು ಆಗಲಿಲ್ಲ. ಭಾನುವಾರ ಬೆಳಿಗ್ಗೆ ನನ್ನನ್ನು ಹಿಂದಿಕ್ಕಿ ಹೋಗುವ ಸದ್ದುಗಳನ್ನು ಅಲ್ಲಿಂದೀಚೆ ನಾನು ಇನ್ನೊಂದು ಕಿವಿಯಲ್ಲೂ ಕೇಳುತ್ತಿದ್ದೇನೆ.

ಉಪಾಯ ಹೇಳಿದ್ದು ಭಾಯ್. "ನೇರ ಹೋಗಬ್ಯಾಡಿ ಅಕ್ಕ, ಓರೆ ತಗೊಳ್ಳಿ. ಒಂದೊಂದೇ ಚಕ್ರ ಹತ್ತಬೇಕು." ಓರೆಯಾಗಿ ಹೋದರೆ ಯಾವಾಗಲೂ ಒಂದು ಚಕ್ರ ಹಂಪಿನ ಮೇಲಿದ್ದು ಹೊಟ್ಟೆಯನ್ನು ಎತ್ತಿಹಿಡಿದಿರುತ್ತದೆ. ಅದಕ್ಕೆ ರಸ್ತೆಯ ಪೂರ್ತಿ ಅಗಲ ಬೇಕು. ಎದುರು ಬರುವವರು ನಿಂತು ದಾರಿ ಬಿಡಬೇಕು. ಮತ್ತೆ ಆ ರನ್‌ಫ್ಲ್ಯಾಟ್ ಟೈರು ತೆಗೆಸಿ ಸಾದಾ ಟೈರು ಹಾಕಿಸಿ ಅಂದರು. ಗಾಳಿ ಹೋದರೂ ಓಡಬೇಕೆಂದು ರನ್‌ಫ್ಲ್ಯಾಟಿನ ಪಕ್ಕಗಳನ್ನು ಬಿರುಸಾಗಿ ಮಾಡಿರುತ್ತಾರೆ, ಹಳ್ಳಿ ರಸ್ತೆಯ ಏಟೆಲ್ಲ ನೇರ ಬೆನ್ನಿಗೆ ಬರುವುದು ಅದರಿಂದಲೇ. ಸ್ಟೆಪ್ನಿ ಇಡಲು ಈ ಕಾರಿನಲ್ಲಿ ಜಾಗ ಇಲ್ಲ. ಹಾಗಾಗಿ ಪಂಕ್ಚರ್ ಕಿಟ್ಟು, ಸಣ್ಣ ಗಾಳಿ ಪಂಪು ಸದಾ ಜೊತೆಗಿರಬೇಕು. ಹೂವಿನ ಗಾಡಿ ಓಡಿಸುವವಳಿಗೆ ಪಂಕ್ಚರ್ ಹಾಕುವುದು ಹೊಸದೇನಲ್ಲ.

ಹಿರಿಯರು ಇಪ್ಪತ್ಮೂರೂವರೆ ಹೇಳಿದ್ದರು. ಟೈರಿನ ವಯಸ್ಸು ತೋರಿಸಿ ಮಾತಾಡಿ 20ಕ್ಕೆ ಮುಗಿಯಿತು. ಟೈರು, ವಿಮೆ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ಅರವತ್ತು ಸಾವಿರ. ನಾನೇ ಹಾಕಿಕೊಂಡ ಐದಕ್ಕೊಂದರ ಗೆರೆಯನ್ನು ಮುರಿದೆ, ತಿಳಿದೇ ಮುರಿದೆ. ಇನ್ನೊಂದು ಸಣ್ಣ ಚೀಟಿ ಬರುವ ವರ್ಷ ಎತ್ತಬಹುದು ಅನ್ನುವ ಧೈರ್ಯ. ಅಲ್ಲಿಯವರೆಗೆ ದೊಡ್ಡ ರಿಪೇರಿ ಬಂದರೆ ಕಾರು ಶೆಡ್ಡಿನಲ್ಲಿ ಕಾಯುತ್ತದೆ ಅಂತ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಗಾಡಿ ನನ್ನ ಹೆಸರಿಗೆ ಮಾಡಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕುವಾಗ ಹಿರಿಯರ ಕೈ ಸ್ವಲ್ಪ ನಿಧಾನವಾಯಿತು. ಕೀ ಕೊಟ್ಟು, "ವಾರಕ್ಕೊಂದು ಸಲವಾದರೂ ಮೇಲಿನದು ತೆಗೀರಿ, ಇಲ್ಲದಿದ್ದರೆ ರಬ್ಬರು ಒಣಗುತ್ತೆ," ಅಂದರು.

ಊರಿಗೆ ತಂದದ್ದು ಸಂಜೆ ಆರಕ್ಕೆ, ಡೇರಿಗೆ ಹಾಲು ಹಾಕುವ ಹೊತ್ತು. ಕ್ಯಾನು ಹಿಡಿದವರು ಎರಡೂ ಬದಿ ನಿಂತಿದ್ದರು, ಎದುರಿನಿಂದ ಹುಲ್ಲಿನ ಟ್ರ್ಯಾಕ್ಟರ್. ನಾನು ಹಂಪಿನ ಮುಂದೆ ನಿಲ್ಲಿಸಿ ಮೂತಿಯನ್ನು ಬಲಕ್ಕೆ ಓರೆ ಮಾಡಿದೆ. ಡೇರಿ ಕಾರ್ಯದರ್ಶಿ ಕೈ ಎತ್ತಿ ಟ್ರ್ಯಾಕ್ಟರನ್ನು ತಡೆದರು. ಒಬ್ಬ ಹುಡುಗ ನೆಲಕ್ಕೆ ಬಗ್ಗಿ ತಳ ನೋಡುತ್ತಾ, "ಬರ್ಲಿ ಅಕ್ಕ, ಬರ್ಲಿ, ಇನ್ನ ಎರಡು ಬೆಳ್ಳು ಐತೆ, ಬರ್ಲಿ," ಎಂದು ಕೂಗುತ್ತಿದ್ದ. ಒಂದು ಚಕ್ರ ಹತ್ತಿತು, ಇಳಿಯಿತು. ಎರಡು, ಮೂರು. ನಾಲ್ಕನೆಯದೂ ಇಳಿದಾಗ ತಳದಿಂದ ಯಾವ ಸದ್ದೂ ಬಂದಿರಲಿಲ್ಲ. ಟ್ರ್ಯಾಕ್ಟರಿನವನು ಹಾರನ್ ಹೊಡೆದ.

ಮನೆ ಮುಂದೆ ಅತ್ತೆ ಅರಿಶಿನ ಕುಂಕುಮ ಹಿಡಿದು ನಿಂತಿದ್ದರು. ಬಾನೆಟ್ಟಿಗೆ ಇಟ್ಟರು. ಆಮೇಲೆ ತಟ್ಟೆಯನ್ನು ಜಗುಲಿಯ ಮೇಲಿಟ್ಟು, ಎಡಗಡೆ ಬಾಗಿಲಿನ ಹತ್ತಿರ ಬಂದು, ಒಂದು ಕೈ ನನ್ನ ಭುಜದ ಮೇಲೂ ಇನ್ನೊಂದು ಕೈ ಬಾಗಿಲ ಮೇಲೂ ಊರಿ, ನಿಧಾನಕ್ಕೆ ಒಳಗೆ ಕೂತರು. ಹೊರಗೆ ಉಳಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡರು. ಸುತ್ತ ನೋಡಿದರು.

"ಮೇಲಿಂದು ತೆಗಿ," ಅಂದರು. "ಆ ಡೇರಿ ಹಂಪಿನ ತನಕ ಹೋಗಿಬರಾನ."